ಎರಡು ಕೋಣ, ಎರಡು ಮೆಷಿನ್

ಕಳೆದ ಮಳೆಗಾಲದಲ್ಲಿ ಹಿರಿಯಡ್ಕದ ನಮ್ಮ ಮನೆ ಹಿಂದಿನ ಹಲಸಿನ ಮರ ಗಾಳಿಗೆ ಬಿತ್ತು. ಸೌದೆ ಮಾಡಲು ಮನಸ್ಸಾಗಲಿಲ್ಲ. ದಿಮ್ಮಿಯನ್ನು ಎರಡು ತುಂಡು ಮಾಡಿ ಕಂಬಳದ ಕೋಣಗಳ ಜೋಡಿ ಕೆತ್ತಿದೆ. ಎಡ ಕೋಣಕ್ಕೆ ತೋಟದ ಗೆಳೆಯನ ಪೆಟ್ರೋಲ್ ಚೈನ್ ಸಾ, ಅಂದರೆ ಹಲ್ಲಿನ ಚೈನ್ ತಿರುಗಿ ಮರ ಕೊಯ್ಯುವ ಮೆಷಿನ್, 58 ಸಿಸಿ, ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) 22 ಇಂಚು. ಬಲ ಕೋಣಕ್ಕೆ ನನ್ನದೇ ಕರೆಂಟಿನ ಮೆಷಿನ್, 2000 ವ್ಯಾಟ್, 16 ಇಂಚು.

ಮೊದಲ ದಿನ ಪೆಟ್ರೋಲಿನದ್ದೇ ಮೇಲು. ಬೆನ್ನು, ಹೊಟ್ಟೆಯ ಸುತ್ತಲಿನ ಬೇಡದ ಮರವೆಲ್ಲ ಮಧ್ಯಾಹ್ನದ ಊಟಕ್ಕೆ ಮೊದಲೇ ಕೆಳಗೆ ಬಿತ್ತು. ಅಷ್ಟೇ ಕೆಲಸಕ್ಕೆ ಕರೆಂಟಿನದ್ದು ಒಂದೂವರೆ ದಿನ ತಗೊಂಡಿತು, ಅದರಲ್ಲೂ ಅರ್ಧ ಹೊತ್ತು ಮೋಟರ್ ತಣಿಯಲಿ ಅಂತ ಕಾದದ್ದೇ ಆಯಿತು. ತಪ್ಪು ಮೆಷಿನಿನದ್ದಲ್ಲ. 2000 ವ್ಯಾಟಿನ ಮೆಷಿನ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ನಾನು ಹಾಕಿದ್ದು ದೀಪಕ್ಕೆ ಹಾಕುವ ಸಪೂರ ವಯರ್. 2.5 ಚದರ ಮಿಲಿಮೀಟರಿನ ದಪ್ಪ ವಯರ್, 16 ಆಂಪಿಯರ್ ಪ್ಲಗ್ ಹಾಕಿದ ಮೇಲೆ ಮೋಟರ್ ಅಷ್ಟು ಬಿಸಿಯಾಗಲಿಲ್ಲ.

ಮುಖಕ್ಕೆ ಬಂದಾಗ ಲೆಕ್ಕ ತಿರುಗಿತು. ಕಣ್ಣಿನ ಗುಳಿ, ಮೂಗಿನ ಹೊಳ್ಳೆ ತೆಗೆಯಲು ಬಾರಿನ ತುದಿಯೇ ಬೇಕು, ಆದರೆ ತುದಿಯ ಮೇಲಿನ ಅರ್ಧ ಮರಕ್ಕೆ ತಾಗಿದರೆ ಮೆಷಿನ್ ಒದೆಯುತ್ತದೆ, ನೇರ ಮುಖದ ಕಡೆಗೇ ಎಗರುತ್ತದೆ. ಪೆಟ್ರೋಲಿನದ್ದು ಎರಡು ಸಲ ಹೀಗೆ ಎಗರಿತು. ಬ್ರೇಕ್ ಬಿದ್ದು ಚೈನ್ ನಿಂತಿತು, ಹೆಲ್ಮೆಟ್ಟಿನ ಜಾಲರಿಯೂ ಮುಖದ ಮೇಲಿತ್ತು, ಹಾಗಾಗಿ ಏನೂ ಆಗಲಿಲ್ಲ. ಆದರೆ ಆಮೇಲೆ ಕೈ ನಡುಗಿದ್ದು ತುಂಬ ಹೊತ್ತು ನಿಲ್ಲಲೇ ಇಲ್ಲ. ಕರೆಂಟಿನದ್ದೂ ಒದೆಯುತ್ತದೆ, ಅಲ್ಲಿ ಉದಾಸೀನ ಬೇಡ. ಆದರೆ ಬಾರ್ ಗಿಡ್ಡ, ನಡುಕ ಕಡಿಮೆ, ಬೇಕಾದಲ್ಲಿ ಬೇಕಾದಷ್ಟೇ ತೆಗೆಯಬಹುದು. ಕೆತ್ತನೆಗೆಂದೇ ಬರುವ ಸಣ್ಣ ಮೂತಿಯ ಬಾರ್ ಇದೆ, ಅದು ಒದೆಯುವುದು ಇನ್ನೂ ಕಡಿಮೆ. ಅದಕ್ಕೆ ಕಾಲು ಇಂಚು ಪಿಚ್ಚಿನ (ಕೊಂಡಿಗಳ ಅಂತರದ) ಚೈನ್, ಅದಕ್ಕೊಪ್ಪುವ ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಎರಡೂ ಬೇಕು.

ಹಸಿ ಹಲಸಿನ ಮೇಣ ಎರಡನ್ನೂ ಸಮನಾಗಿ ಕಾಡಿತು. ಹಳದಿ ಹುಡಿ ಮೇಣಕ್ಕೆ ಅಂಟಿ ಬಾರಿನ ಅಂಚಿನಲ್ಲಿ ಚೈನ್ ಓಡುವ ಸೀಳಿನೊಳಗೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತದೆ, ಎಣ್ಣೆ ಚೈನಿಗೆ ಹೋಗುವುದೇ ಇಲ್ಲ. ದಿನಾ ಸಂಜೆ ಬಾರ್ ಕಳಚಿ ಸೀಮೆಎಣ್ಣೆಯಲ್ಲಿ ಉಜ್ಜಬೇಕು. ಕೈಗೆ ತೆಂಗಿನೆಣ್ಣೆ.

ಮನೆ ಅಂಗಳದಲ್ಲಿ ಕೆತ್ತುವವರು ಒಂದೇ ಕೊಳ್ಳುವುದಾದರೆ ಕರೆಂಟಿನದ್ದೇ ತಗೊಳ್ಳಿ. ಪೆಟ್ರೋಲಿನದ್ದನ್ನು ಮೊದಲ ದಿನಕ್ಕೆ ಬಾಡಿಗೆಗೆ ತಂದರೆ ಸಾಕು. ಮಳೆಯಲ್ಲಿ ಮಾತ್ರ ವಯರ್ ಎಳೆಯಲೇಬೇಡಿ.

ಎಡ ಕೋಣದ ಒಂದು ಕೊಂಬು ಪೆಟ್ರೋಲ್ ಮೆಷಿನಿನ ನಡುಕಕ್ಕೆ ಮುರಿಯಿತು. ಅಲ್ಲಿ ಮರದ ಎಳೆ ಅಡ್ಡ ಹೋಗಿತ್ತು. ಅದೇ ಮರದ ಬಾಗಿದ ಕೊಂಬೆಯೊಂದನ್ನು ಉಳಿಯಿಂದ ಕೆತ್ತಿ, ಗೂಟ ಹೊಡೆದು ಕೂರಿಸಿದ್ದೇನೆ. ಈಗ ಎರಡೂ ಕೋಣ ಚಾವಡಿಯಲ್ಲಿ ಒಂದೇ ನೊಗದಡಿ ನಿಂತಿವೆ.