ಪ್ರಬಂಧ ಕೋರ್ಸ್, ಹಾಸನ: ತಿದ್ದೋದು ಸೂಪರ್, ವಾಪಸ್ ಕೊಡೋದು ಲೇಟ್

ತಂಗಿ ಹಾಸನದಲ್ಲಿ ಒಂದು ಕೋಚಿಂಗ್ ಸೆಂಟರ್‌ಗೆ ಹೋಗ್ತಿದಾಳೆ, ಯುಪಿಎಸ್‌ಸಿ ಮೇನ್ಸ್‌ನ ಪ್ರಬಂಧ ಪೇಪರ್ ಕನ್ನಡದಲ್ಲೇ ಬರೀಬೇಕು ಅಂತ. 3 ಗಂಟೇಲಿ 2 ಪ್ರಬಂಧ, ಒಂದೊಂದಕ್ಕೆ 125 ಮಾರ್ಕ್ಸ್, ಹಾಗಾಗಿ ತಿದ್ದೋರು ಹೇಗೆ ತಿದ್ತಾರೆ ಅನ್ನೋದೇ ಮುಖ್ಯ.

ಇಲ್ಲಿ ಬರೆಯೋಕೆ ಮುಂಚೇನೇ ಒಂದು ಶೀಟ್ ಕೊಡ್ತಾರೆ, ವಿಷಯ, ವಾದದ ಜೋಡಣೆ, ಉದಾಹರಣೆ, ಭಾಷೆ ಎಲ್ಲಕ್ಕೂ ಬೇರೆ ಬೇರೆ ಮಾರ್ಕ್ಸ್, ಪೇಪರ್ ಮೇಲೆ ಹೆಸರಿರಲ್ಲ ಬರೀ ನಂಬರ್, ಅದಕ್ಕೇ ಯಾರ ಮುಖ ನೋಡಿನೂ ಮಾರ್ಕ್ಸ್ ಬೀಳಲ್ಲ. ಇವಳು ಅಣೆಕಟ್ಟುಗಳ ಬಗ್ಗೆ ಬರೆದಾಗ ಗೊರೂರು ಡ್ಯಾಮ್ ಹಿನ್ನೀರಲ್ಲಿ ಮುಳುಗೋ ಶೆಟ್ಟಿಹಳ್ಳಿ ಚರ್ಚ್ ಕೊನೇಲಿ ಬಂದಿತ್ತು, ಮೇಡಂ ಪಕ್ಕದಲ್ಲೇ "ಇದನ್ನ ಮೊದಲು ತಗೊಂಡು ಬಾಮ್ಮ, ನಿನ್ನ ವಾದ ಇಲ್ಲೇ ಇದೆ" ಅಂತ ಬರೆದಿದ್ರು. ಬರೀ ಕಾಗುಣಿತಕ್ಕೆ ಕೆಂಪು ಗೆರೆ ಎಳೆಯೋ ಕಡೆ ಇದು ಸಿಗಲ್ಲ ಕಣ್ರೀ!

ಬೇಜಾರು ಅಂದ್ರೆ ಪೇಪರ್ ವಾಪಸ್ ಬರೋದು ತುಂಬಾ ಲೇಟ್. ಇಬ್ಬರು ತಿದ್ದಿ ಮಾರ್ಕ್ಸ್ ತೀರಾ ಬೇರೆ ಬಂದ್ರೆ ಸರಾಸರಿ ಹಾಕಿ ಬಿಟ್ಬಿಡ್ತಾರೆ, ಮೂರನೆಯವರ ಹತ್ರ ಓದಿಸಬೇಕು ದಯವಿಟ್ಟು. ಫೀಸ್ ಪರವಾಗಿಲ್ಲ. 4 ಸ್ಟಾರ್.