ಲೇಹ್‌ನಿಂದ ಚಾರಣ: ಶಾಮ್ ಕಣಿವೆಯೋ, ಮಾರ್ಖಾ ಕಣಿವೆಯೋ?

ಲೇಹ್‌ನಲ್ಲಿ ಚಾರಣ ಅಂದ ಕೂಡಲೇ ಎಲ್ಲರ ಬಾಯಲ್ಲೂ ಮಾರ್ಖಾ. ಶಾಮ್‌ಗೆ 'ಬೇಬಿ ಟ್ರೆಕ್' ಅಂತ ಅಡ್ಡಹೆಸರು ಬೇರೆ. ಎರಡನ್ನೂ ನಡೆದಿರುವ ನನಗೆ ಈ ಹೆಸರು ಅನ್ಯಾಯ ಅನಿಸುತ್ತದೆ.

ಮೊದಲು ಎತ್ತರದ ಮಾತು. ಬೆಂಗಳೂರು ಸುಮಾರು 900 ಮೀಟರ್, ಲೇಹ್ 3,500. ವಿಮಾನದಲ್ಲಿ ಬಂದವರು ಕನಿಷ್ಠ ಎರಡು ದಿನ ಊರಲ್ಲೇ ಸುಮ್ನೆ ಇರಬೇಕು. ಆಮೇಲೆ ಬೇಕಿದ್ದರೆ ಲಡಾಖ್ ರಾಜ ಸೆಂಗೆ ನಾಮ್‌ಗ್ಯಾಲ್ ಕಾಲದ, 17ನೇ ಶತಮಾನದ ಒಂಬತ್ತು ಅಂತಸ್ತಿನ ಅರಮನೆ ಹತ್ತಿ ನೋಡಿ, ಉಸಿರಿನ ಲೆಕ್ಕ ಗೊತ್ತಾಗುತ್ತದೆ. ಶಾಮ್ ದಾರಿಯ ಪಾಸ್‌ಗಳೆಲ್ಲ (ಬೆಟ್ಟ ದಾಟುವ ಕಣಿವೆದಾರಿಗಳು) 4,000 ಮೀಟರ್ ಒಳಗೇ. ಮಾರ್ಖಾದಲ್ಲಿ ಹಾಗಲ್ಲ. 4,700 ಮೀಟರ್ ಮೀರಿದ ನಿಮಾಲಿಂಗ್ ಹುಲ್ಲುಗಾವಲಿನಲ್ಲಿ ಮಲಗಿ, ಮರುದಿನ ಸುಮಾರು 5,200 ಮೀಟರಿನ ಕೊಂಗ್ಮಾರು ಲಾ ಪಾಸ್ ದಾಟಬೇಕು. ಅಲ್ಲಿ ತಲೆನೋವು, ವಾಂತಿ ಜಾಸ್ತಿಯಾದರೆ ಮಾತ್ರೆ ನುಂಗಿ ಮೇಲೆ ಹತ್ತುವ ಹುಂಬತನ ಬೇಡ. ಕೆಳಗಿಳಿಯಿರಿ.

ಗೊಂಪಾ (ಬೌದ್ಧ ಮಠ), ಹಳ್ಳಿ, ಇತಿಹಾಸ ಬೇಕಾದವರಿಗೆ ಶಾಮ್. ಲಿಕಿರ್ ಗೊಂಪಾದ ಭಾರೀ ಮೈತ್ರೇಯ ಬುದ್ಧನನ್ನು ನೋಡಿ ಹೊರಟರೆ ಯಾಂಗ್ತಾಂಗ್, ಹೆಮಿಸ್ ಶುಕ್ಪಾಚನ್ ದಾಟಿ ತೆಮಿಸ್ಗಾಮ್ ಸೇರುತ್ತೀರಿ. ಲಡಾಖ್ ಮತ್ತು ಟಿಬೆಟ್ ನಡುವೆ 1684ರಲ್ಲಿ ಒಪ್ಪಂದವಾದ ಊರು ಅದು. ವಾಪಸ್ ಬರುವಾಗ ಸಿಂಧೂ ದಾಟಿ ಅಲ್ಚಿಗೆ ಹೋಗಿ. ಅಲ್ಲಿನ ಗೋಡೆ ಚಿತ್ರಗಳಿಗೆ ಎಂಟುನೂರು ವರ್ಷದ ಮೇಲಾಗಿದೆ. ಶಾಮ್‌ನ ಕೊರತೆ ಅಂದರೆ ನೆರಳಿಲ್ಲ, ಹಳ್ಳಿಗಳಿಗೆಲ್ಲ ರಸ್ತೆ ಬಂದಿದೆ. ಅರ್ಧ ದಿನ ಏದುಸಿರು ಬಿಟ್ಟು ಹಳ್ಳಿ ತಲುಪಿದರೆ ಅಲ್ಲೊಂದು ಟ್ಯಾಕ್ಸಿ ನಿಂತಿರುತ್ತದೆ!

ಬೆಟ್ಟದ ವಿಷಯದಲ್ಲಿ ಮಾತ್ರ ಮಾರ್ಖಾಗೆ ಶಾಮ್ ಸಾಟಿಯಲ್ಲ. ನಿಮಾಲಿಂಗ್‌ನಲ್ಲಿ ಕುರಿ ಮಂದೆ, ತಲೆಯ ಮೇಲೇ ಅನ್ನುವಷ್ಟು ಹತ್ತಿರ 6,400 ಮೀಟರಿನ ಕಾಂಗ್ ಯಾತ್ಸೆ ಶಿಖರ. ಇದು ಹಿಮಚಿರತೆಗಳ ಹೆಮಿಸ್ ರಾಷ್ಟ್ರೀಯ ಉದ್ಯಾನ. ಚಿರತೆ ಕಾಣುವ ಆಸೆ ಇಟ್ಟುಕೊಳ್ಳಬೇಡಿ, ಅದರ ಕಾಲ ಚಳಿಗಾಲ. ಇಲ್ಲೂ ಚಿಲ್ಲಿಂಗ್ ಕಡೆಯಿಂದ ರಸ್ತೆ ಒಳಗೆ ಬರುತ್ತಿದೆ. ನೋಡುವವರು ಬೇಗ ನೋಡಿಬಿಡಿ.

ಊಟದಲ್ಲಿ ವ್ಯತ್ಯಾಸ ಕಡಿಮೆ. ಎರಡೂ ಕಡೆ ಹೋಮ್‌ಸ್ಟೇ ಇದೆ. ಥುಕ್ಪಾ (ನೂಡಲ್ಸ್ ಸೂಪ್), ಸ್ಕ್ಯೂ (ಹಿಟ್ಟಿನ ತುಂಡು ಹಾಕಿದ ಗಟ್ಟಿ ಸಾರು) ಎರಡನ್ನೂ ಮಾಂಸ ಹಾಕದೆ ಮಾಡಿಕೊಡುತ್ತಾರೆ. ಉಪ್ಪು ಹಾಕಿದ ಬೆಣ್ಣೆ ಚಹಾವನ್ನು ಸಾರು ಅಂದುಕೊಂಡು ಕುಡಿಯಿರಿ, ಇಳಿಯುತ್ತದೆ. ನಮ್ಮೂರಿನ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಮೊದಲ ಸಲ ಲೇಹ್‌ಗೆ ಹೋಗುವವರಿಗೆ, ಅದರಲ್ಲೂ ಅಪ್ಪ ಅಮ್ಮನ ಜೊತೆ ಹೋಗುವವರಿಗೆ, ನಾನು ಶಾಮ್ ಅನ್ನುತ್ತೇನೆ. ಒಂದು ವಾರದ ರಜೆ ಹೆಚ್ಚಿಗೆ ಇದ್ದು, ಎತ್ತರ ಮೈಗೆ ಒಗ್ಗಿದ್ದರೆ ಮಾರ್ಖಾ. ಅದಕ್ಕೆ ಸೆಪ್ಟೆಂಬರ್ ಒಳ್ಳೆಯದು. ಜುಲೈನಲ್ಲಿ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ಹೊಳೆ ಉಕ್ಕುತ್ತದೆ, ಬೆಳಿಗ್ಗೆಯೇ ದಾಟಿಕೊಳ್ಳಬೇಕಾಗುತ್ತದೆ.