ಚಿಕಾಲಿಂ ಮನೆಯ ಗ್ಯಾರೇಜ್ ಶಟರ್: ಎಂಟು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಶಟರ್ ಚೆನ್ನಾಗಿದೆ. ಎಂಟು ವರ್ಷದಿಂದ ದಿನಕ್ಕೆ ಕಡಿಮೆ ಅಂದರೂ ನಾಲ್ಕು ಸಲ ಏರಿ ಇಳಿಯುತ್ತಿದೆ. ಆದರೆ ಹಾಕಿಸುವಾಗ ಅಂಗಡಿಯವರು "ಜಿಐ ಪತ್ರಾ (ಸತು ಲೇಪಿಸಿದ ಉಕ್ಕಿನ ತಗಡು), ಜೀವನಪೂರ್ತಿ ತಿರುಗಿ ನೋಡೋದೇ ಬೇಡ" ಅಂದಿದ್ದರಲ್ಲ, ಆ ಮಾತು ನಂಬಬೇಡಿ. ಗೋವಾದಲ್ಲಂತೂ ನಂಬಲೇಬೇಡಿ.

ನಮ್ಮದು ವಾಸ್ಕೋ ಪಕ್ಕದ ಚಿಕಾಲಿಂ. ಜುವಾರಿ ನದಿ ಸಮುದ್ರ ಸೇರುವ ಕಡೆ, ಗಾಳಿ ಸೀದಾ ಮನೆಗೇ ಬರುತ್ತದೆ. ಶಟರ್ ಒಂಬತ್ತು ಅಡಿ ಅಗಲ, ಎಂಟು ಅಡಿ ಎತ್ತರ. ಪಟ್ಟಿಗಳು 20 ಗೇಜ್ ಜಿಐ, ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪ. ಮೇಲಿನ ಪೈಪ್ ಒಳಗೆ ಸ್ಪ್ರಿಂಗ್, ನಡುವೆ ಮೋಟರ್, ಕೈಯಲ್ಲಿ ರಿಮೋಟ್. 2017ರ ಡಿಸೆಂಬರ್‌ನಲ್ಲಿ ಎಲ್ಲ ಸೇರಿ 41,000 ರೂಪಾಯಿ ಆಯಿತು. ಕಂಪನಿ ಹೆಸರು ಬೇಡ, ಈ ತರಹದ್ದು ಹತ್ತು ಜನ ಮಾಡುತ್ತಾರೆ.

ನಾನು ಹುಟ್ಟಿ ಬೆಳೆದಿದ್ದು ಧಾರವಾಡದಲ್ಲಿ. ಸುಭಾಸ್ ರಸ್ತೆಯಲ್ಲಿ ನಮ್ಮ ಮಾವನ ಅಂಗಡಿ ಇತ್ತು. ಅದರ ಶಟರ್‌ಗೆ ಮಾವ ದೀಪಾವಳಿಗೆ ಒಮ್ಮೆ ಎಣ್ಣೆ ಬಿಡುತ್ತಿದ್ದರು, ಅಷ್ಟೇ. ಮೂವತ್ತು ವರ್ಷ ನಡೆಯಿತು. ಅದೇ ಲೆಕ್ಕದಲ್ಲಿ ನಾನೂ ಇಲ್ಲಿ ಎರಡು ವರ್ಷ ಸುಮ್ಮನೆ ಇದ್ದೆ.

ಎರಡನೇ ವರ್ಷದ ಕೊನೆಗೆ ಪಟ್ಟಿಗಳ ಮೇಲೆ ಬಿಳಿ ಪುಡಿ ಬಂತು. ಸುಣ್ಣ ಸಿಡಿದ ಹಾಗೆ. ಒರೆಸಿದರೆ ಹೋಗುತ್ತದೆ, ವಾರ ಬಿಟ್ಟು ಮತ್ತೆ ಬರುತ್ತದೆ. ಅದು ಸತುವಿನ ತುಕ್ಕು. ಜಿಐ ಅಂದರೆ ಉಕ್ಕಿನ ಮೇಲೆ ಸತುವಿನ ಪದರ. ಮೊದಲು ಸತು ತಾನು ಸವೆಯುತ್ತಾ ಉಕ್ಕನ್ನು ಕಾಯುತ್ತದೆ. ಸತು ಮುಗಿದ ಕಡೆ ಕೆಂಪು ತುಕ್ಕು ಶುರು.

ಇಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಒಂದಿದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹಾಗಾಗಿ ಮಳೆ ಬಡಿಯುವ ಕೆಳಗಿನ ಪಟ್ಟಿಗಳೇ ಮೊದಲು ಹಾಳಾಗಬೇಕು ಅಲ್ವಾ? ಆಗಲಿಲ್ಲ. ಹಾಳಾಗಿದ್ದು ಸಜ್ಜಾ ಕೆಳಗಿನ ಪಟ್ಟಿಗಳು, ಆಮೇಲೆ ಶಟರ್‌ನ ಒಳಮೈ. ಎಂದೂ ಮಳೆ ಕಾಣದ ಜಾಗ! ಒಂದು ದಿನ ಒಳಗಡೆಯ ಪಟ್ಟಿಯನ್ನು ಬೆರಳಿಂದ ಒರೆಸಿ ನಾಲಿಗೆಗೆ ಮುಟ್ಟಿಸಿ ನೋಡಿದೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ನೆಕ್ಕಿದ ಹಾಗಿತ್ತು. ನಮ್ಮ ಯಜಮಾನರು "ನಿನಗೆ ಬುದ್ಧಿ ಇದೆಯಾ" ಅಂತ ಬೈದರು, ಅದು ಬೇರೆ ಮಾತು.

ವಿಷಯ ಇಷ್ಟೇ. ಹೊರಗಡೆ ಕೂತ ಉಪ್ಪನ್ನು ಮಳೆ ತೊಳೆದು ಹಾಕುತ್ತದೆ. ಒಳಗಡೆ ಕೂತ ಉಪ್ಪು ಅಲ್ಲೇ ಉಳಿದು, ಗಾಳಿಯ ತೇವ ಹೀರಿಕೊಂಡು, ಇಪ್ಪತ್ನಾಲ್ಕು ಗಂಟೆಯೂ ಕೆಲಸ ಮಾಡುತ್ತದೆ. ಈಗ ನಾನು ತಿಂಗಳಿಗೊಮ್ಮೆ ಶಟರ್ ಪೂರ್ತಿ ಇಳಿಸಿ, ಮೊದಲು ಒಳಗಡೆ, ಆಮೇಲೆ ಹೊರಗಡೆ ಸಿಹಿನೀರಲ್ಲಿ ಒರೆಸುತ್ತೇನೆ. ಬಕೆಟ್ ನೀರು, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಟರ್ಕಿ ಟವೆಲ್. ಆಮೇಲೆ ಬರೀ ನೀರಲ್ಲಿ ಇನ್ನೊಂದು ಸಲ. ಇಪ್ಪತ್ತು ನಿಮಿಷದ ಕೆಲಸ. ನಲ್ಲಿ ನೀರೇ ಆಗಬೇಕು. ನಮ್ಮ ಬಾವಿ ನೀರು ಏಪ್ರಿಲ್ ಬಂತೆಂದರೆ ಸ್ವಲ್ಪ ಉಪ್ಪಾಗುತ್ತದೆ, ಅದರಲ್ಲಿ ಒರೆಸಿದರೆ ಮಾಡಿದ್ದೆಲ್ಲ ದಂಡ. ಪೈಪ್ ಹಿಡಿದು ಜೋರಾಗಿ ನೀರು ಹೊಡೆಯಲೂ ಹೋಗಬೇಡಿ, ಮೇಲೆ ಮೋಟರ್ ಇದೆ.

ಈಗ ಬಣ್ಣದ ಕಥೆ. ಇದರಲ್ಲಿ ನಾನು ದುಡ್ಡು ಕಳೆದುಕೊಂಡಿದ್ದೇನೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

2019ರ ಡಿಸೆಂಬರ್‌ನಲ್ಲಿ ಬಿಳಿ ಪುಡಿ ನೋಡಿ ಬೇಸತ್ತು ಒಬ್ಬ ಪೇಂಟರ್‌ಗೆ ಹೇಳಿದೆ. ಬಂದರು, ಬಟ್ಟೆಯಲ್ಲಿ ಒರೆಸಿದರು, ಸೀದಾ ಎರಡು ಕೋಟ್ ಆಯಿಲ್ ಪೇಂಟ್ ಹೊಡೆದರು. ಗಿಳಿಹಸಿರು. ಹೊಸ ವರ್ಷಕ್ಕೆ ಬಂದ ನೆಂಟರೆಲ್ಲ ಹೊಗಳಿದರು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಕಾವಲಿಯ ಮೇಲೆ ದೋಸೆ ಬೆಂದಾಗ ಅಂಚು ಏಳುತ್ತದಲ್ಲ, ಹಾಗೆ ಬಣ್ಣ ಎದ್ದಿತು. ಉಗುರು ತಾಗಿಸಿದರೆ ಅಂಗೈಯಗಲ ತುಂಡು ಕೈಗೆ ಬರುತ್ತಿತ್ತು. ಅದರ ಬೆನ್ನು ಮುಟ್ಟಿ ನೋಡಿದರೆ ಒಂಥರಾ ಜಾರುಜಾರು.

ಆ ಜಾರಿಕೆಗೆ ಕಾರಣ ಇದೆ. ಆಯಿಲ್ ಪೇಂಟ್, ಅಂದರೆ ಸಿಂಥೆಟಿಕ್ ಎನಾಮಲ್, ಅದರ ಅಂಟಿನಲ್ಲಿ ಎಣ್ಣೆಯ ಅಂಶ ಇರುತ್ತದೆ. ತೇವ ಸೇರಿದಾಗ ಸತುವಿನ ಜೊತೆ ಅದು ಸೇರಿ ಸಾಬೂನಿನಂಥ ಪದರ ಆಗುತ್ತದೆ. ಬಣ್ಣಕ್ಕೂ ಪತ್ರಾಗೂ ನಡುವೆ ಸಾಬೂನು ಹಚ್ಚಿದ ಮೇಲೆ ಅದು ಹೇಗೆ ನಿಲ್ಲಬೇಕು? ಪೇಂಟ್ ಡಬ್ಬಿಯದು ತಪ್ಪಲ್ಲ. ಬರೀ ಕಬ್ಬಿಣದ ಗೇಟಿಗೆ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದ ಮೇಲೆ, ಅದೇ ಪೇಂಟ್ ವರ್ಷಗಟ್ಟಲೆ ನಿಲ್ಲುತ್ತದೆ. ಜಿಐ ಮೇಲೆ ಸೀದಾ ಹೊಡೆದದ್ದೇ ತಪ್ಪು.

ಇದನ್ನು ನನಗೆ ಹೇಳಿದವರು ಎರಡನೇ ಪೇಂಟರ್. ಬಾಗಲಕೋಟೆ ಕಡೆಯವರು, ವಾಸ್ಕೋದಲ್ಲಿ ನಮ್ಮ ಕಡೆಯ ಜನ ಎಷ್ಟಿದ್ದಾರೆ ಅಂತ ನಿಮಗೆ ಗೊತ್ತೇ ಇದೆ. ಶಟರ್ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಸಿಪ್ಪೆ ಎತ್ತಿ ನೋಡಿ ಅಂದರು:

"ಅಕ್ಕಾರ, ಇದಕ್ಕ ಸೀದಾ ಆಯಿಲ್ ಪೇಂಟ್ ಹೊಡದ್ರ ನಿಂದರಂಗಿಲ್ರೀ. ಪತ್ರಾನ ಬಣ್ಣಾ ಉಗುಳತೈತಿ."

"ಮತ್ತ ಏನ್ ಮಾಡೂದ್ರಿ ಅಣ್ಣಾರ?"

"ಎಲ್ಲಾ ಕೆರದು ತಗೀಬೇಕ್ರೀ. ಎಪಾಕ್ಸಿ ಪ್ರೈಮರ್ ಹಾಕೂಣು. ರೊಕ್ಕಾ ಜಾಸ್ತಿ ಆಕ್ಕೈತಿ, ಈಗ ಹೇಳಿರ್ತೀನಿ."

ಹಾಗೆ ಮೊದಲೇ ಹೇಳಿದ್ದೇ ನನಗೆ ಹಿಡಿಸಿತು. 2021ರ ಜನವರಿಯಲ್ಲಿ ಕೆಲಸ ಹಿಡಿದೆವು. ನಾನೂ ಜೊತೆಗೆ ಕೂತೆ.

ಕೆರೆಯುವುದಕ್ಕೇ ಎರಡು ದಿನ ಹೋಯಿತು. ಎದ್ದ ಬಣ್ಣಕ್ಕೆ ಸ್ಕ್ರೇಪರ್, ಕೆಂಪು ತುಕ್ಕು ಇದ್ದ ಕಡೆ ಮಾತ್ರ ವೈರ್ ಬ್ರಷ್, ಉಳಿದ ಕಡೆ 220 ನಂಬರಿನ ವಾಟರ್ ಪೇಪರ್ ನೀರಲ್ಲಿ ಅದ್ದಿ ಹಗುರಕ್ಕೆ. ಜಿಐ ಮೇಲೆ ಗ್ರೈಂಡರ್ ಬಿಡಬೇಡಿ, ಉಳಿದಿದ್ದ ಸತುವೂ ಹಾರಿಹೋಗುತ್ತದೆ. ಆಮೇಲೆ ಸಾಬೂನು ನೀರು, ಸಿಹಿನೀರು, ಒಣಗಿಸಿ ಥಿನ್ನರ್ ಬಟ್ಟೆ. ಉಪ್ಪು ಒಳಗೆ ಉಳಿಸಿ ಮೇಲೆ ಎಷ್ಟು ದುಬಾರಿ ಪೇಂಟ್ ಹೊಡೆದರೂ ಗುಳ್ಳೆ ಬರುತ್ತದೆ.

ಪಕ್ಕದಲ್ಲಿ ಹಳೇ ಮಾಲೀಕರ ಕಾಲದ ಕಬ್ಬಿಣದ ಗ್ರಿಲ್ ಒಂದಿದೆ. ಅದನ್ನೂ ಒಣಗಿದ್ದಂತೆಯೇ ಉಜ್ಜಲು ಹೊರಟಿದ್ದರು, ನಾನು ಬೇಡ ಅಂದೆ. ಮನೆಗೆ ಬಳಸುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಬಣ್ಣದಲ್ಲಿ ಸೀಸ ಜಾಸ್ತಿ ಇರಬಹುದು. ಅದರ ಧೂಳು ಮಕ್ಕಳ ಮೈಗೆ ಸೇರಿದರೆ ಮಿದುಳಿಗೇ ಪೆಟ್ಟು. ಒದ್ದೆ ಮಾಡಿ ಉಜ್ಜಿ, ಕೆಳಗೆ ಹಾಸಿದ ಪ್ಲಾಸ್ಟಿಕ್ ಸುತ್ತಿ ಎಸೆದೆವು.

ಎಪಾಕ್ಸಿ ಪ್ರೈಮರ್ ಎರಡು ಡಬ್ಬಿಯಲ್ಲಿ ಬರುತ್ತದೆ, ಬೇಸ್ ಮತ್ತು ಹಾರ್ಡ್‌ನರ್. ಬೆರೆಸಿದ ಮೇಲೆ ಕೆಲವೇ ಗಂಟೆ ಆಯುಸ್ಸು. ಒಮ್ಮೆಲೇ ಪೂರ್ತಿ ಕಲಸಿಟ್ಟು ಊಟಕ್ಕೆ ಹೋದರೆ ಬಂದಾಗ ಡಬ್ಬಿಯಲ್ಲಿ ಕಲ್ಲು. ಎಪಾಕ್ಸಿ ಬಿಸಿಲಿಗೆ ಪುಡಿಪುಡಿ ಆಗುತ್ತದೆ, ಹಾಗಾಗಿ ಮೇಲೆ ಪಿಯು (ಪಾಲಿಯುರೆಥೇನ್) ಟಾಪ್‌ಕೋಟ್ ಬೇಕು. ಅದನ್ನು ಸ್ಪ್ರೇ ಮಾಡಿದರೆ ಕನ್ನಡಿ ಹಾಗೆ ಬರುತ್ತದೆ ಅಂದರು. ನಾನು ಒಪ್ಪಲಿಲ್ಲ. ಪಿಯು ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ, ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ತರಬಲ್ಲದು. ಕೊರೋನಾ ಕಾಲದ ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ. ಸಣ್ಣ ರೋಲರ್ ಮತ್ತು ಬ್ರಷ್‌ನಲ್ಲೇ ಹಚ್ಚಿದೆವು, ಆವಿ ಮುಖಕ್ಕೆ ಬಾರದ ಹಾಗೆ ಗಾಳಿ ನೋಡಿ ನಿಂತು, ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ. ಹತ್ತಿರ ಹೋದರೆ ಬ್ರಷ್ ಗೆರೆ ಕಾಣುತ್ತದೆ. ಕಾಣಲಿ.

ಹವಾಮಾನದ ಮಾತು. ಜನವರಿಯಲ್ಲಿ ಇಲ್ಲಿ ಬೆಳಗ್ಗೆ ಇಬ್ಬನಿ ಬೀಳುತ್ತದೆ. ಪತ್ರಾ ತಣ್ಣಗಿದ್ದರೆ ಕಣ್ಣಿಗೆ ಕಾಣದ ತೇವ ಅದರ ಮೇಲೆ ಇರುತ್ತದೆ. ನಾವು ಹತ್ತೂವರೆಗೆ ಶುರು ಮಾಡಿ ಮೂರಕ್ಕೆ ನಿಲ್ಲಿಸುತ್ತಿದ್ದೆವು. ಹೊರಗಿನ ಆರ್ದ್ರತೆ 85 ಪರ್ಸೆಂಟ್ ದಾಟಿದ ದಿನ ಡಬ್ಬಿ ತೆರೆಯಲೇಬಾರದು. ಮಳೆ ಬಿಟ್ಟಿದೆ ಅಂತ ಆಗಸ್ಟ್‌ನಲ್ಲಿ ಹಚ್ಚುವವರನ್ನು ನೋಡಿದ್ದೇನೆ, ಪಾಪ.

ಈಗ ನನ್ನ ದೊಡ್ಡ ಪೆದ್ದುತನ. ಕೊನೆಯ ದಿನ, ಪೇಂಟರ್ ಹೋದ ಮೇಲೆ, ಕೆಳಗಿನ ಆಂಗಲ್, ಅಂದರೆ ಶಟರ್‌ನ ಕೆಳ ಅಂಚಿನ ಪಟ್ಟಿ, ಮಾತ್ರ ಉಳಿದಿತ್ತು. ಅದು ಜಿಐ ಅಲ್ಲ, ಸಾದಾ ಕಬ್ಬಿಣ, ಹಾಗಾಗಿ ರೆಡ್ ಆಕ್ಸೈಡ್ ಸಾಕು. ನಾನೇ ಹಚ್ಚೋಣ ಅಂತ ಶಟರ್ ಮೊಣಕಾಲಿನ ಎತ್ತರಕ್ಕೆ ನಿಲ್ಲಿಸಿ ಅದರ ಕೆಳಗೆ ಕೈ ಹಾಕಿ ಹಚ್ಚುತ್ತಿದ್ದೆ. ಒಳಗೆ ಮಗ ಸೋಫಾ ಮೇಲೆ ಬಿದ್ದಿದ್ದ ರಿಮೋಟ್ ತೆಗೆದು ಒತ್ತಿದ. ಶಟರ್ ಗರ್ ಅಂತ ಮೇಲೆ ಹೋಯಿತು. ಬ್ರಷ್ ಕೈಯಿಂದ ಕಿತ್ತುಕೊಂಡು ಗೈಡ್ ಚಾನಲ್‌ಗೆ (ಪಟ್ಟಿಗಳು ಜಾರುವ ಪಕ್ಕದ ಕಾಲುವೆಗೆ) ಸಿಕ್ಕಿತು, ಹಸಿ ಪಿಯು ಇದ್ದ ಪಟ್ಟಿಗಳೆಲ್ಲ ಮೇಲೆ ಸುತ್ತಿಕೊಂಡು ಒಂದಕ್ಕೊಂದು ಅಂಟಿದವು. ಮೇಲೆ ಹೋಗಿದ್ದಕ್ಕೆ ಸರಿ. ಕೆಳಗೆ ಬಂದಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ.

ಅವತ್ತಿಂದ ಶಟರ್ ಮುಟ್ಟುವ ಮೊದಲು ಅದರ ಎಂಸಿಬಿ (ಕರೆಂಟ್ ಸ್ವಿಚ್) ಆಫ್, ರಿಮೋಟ್ ಎರಡೂ ನನ್ನ ಸೊಂಟದ ಚೀಲದಲ್ಲಿ. ಅರ್ಧಕ್ಕೆ ನಿಲ್ಲಿಸಬೇಕಾದರೆ ಎರಡೂ ಬದಿ ಕೆಳಗೆ ಗಟ್ಟಿ ಮರದ ತುಂಡು. ಪಟ್ಟಿ ಪಟ್ಟಿ ಸೇರುವ ಸಂದಿನಲ್ಲಿ ಬೆರಳು ಇಡುವುದೇ ಇಲ್ಲ. ಬಣ್ಣ ಹಚ್ಚಿದ ಮೇಲೆ ಮೂರು ದಿನ ಇಳಿಸಿಯೇ ಇಡುತ್ತೇನೆ, ಕಾರು ಬೀದಿಯಲ್ಲಿ ಇರಲಿ. ನಾಲ್ಕನೇ ದಿನ ಮೋಟರ್ ಬಿಡಿಸಿ, ಕೈಯಿಂದ ನಿಧಾನಕ್ಕೆ ಒಂದೊಂದು ಅಡಿ ಎತ್ತುತ್ತೇನೆ. ಸಂದಿಗಳಲ್ಲಿ ಬಣ್ಣ ದಪ್ಪ ಕೂತರೆ ಪಟ್ಟಿ ಮಡಚುವುದಿಲ್ಲ, ಅಲ್ಲಿ ತೆಳ್ಳಗೆ ಒಂದೇ ಕೈ. ಗೈಡ್ ಚಾನಲ್ ಒಳಗೆ ಬಣ್ಣವೇ ಬೇಡ.

ಗೈಡ್‌ಗೆ ಗ್ರೀಸ್ ಕೂಡ ಬೇಡ. ಗ್ರೀಸ್‌ಗೆ ಮರಳು ಅಂಟಿ ಅದೇ ಎಮರಿ ಪೇಪರ್ ಆಗುತ್ತದೆ. ಒಣ ಬ್ರಷ್‌ನಲ್ಲಿ ಗುಡಿಸಿ ಸಿಲಿಕಾನ್ ಸ್ಪ್ರೇ. ಡಬ್ಲ್ಯೂಡಿ-40 ಬೀಗದ ತುಕ್ಕು ಬಿಡಿಸಲು ಒಳ್ಳೇದು, ಆದರೆ ಈ ಕೆಲಸಕ್ಕೆ ಅದು ಬೇಗ ಒಣಗಿಹೋಗುತ್ತದೆ. ವರ್ಷಕ್ಕೆ 1,800 ರೂಪಾಯಿಯ ಮೆಂಟೆನೆನ್ಸ್ ಕಾಂಟ್ರಾಕ್ಟ್ ಎರಡು ವರ್ಷ ಕೊಟ್ಟೆ. ಒಬ್ಬ ಹುಡುಗ ಬಂದು ಎಣ್ಣೆ ಹಾರಿಸಿ, ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಬಿಟ್ಟೆ.

ಆದರೆ ಒಂದು ಕೆಲಸಕ್ಕೆ ಮೆಕ್ಯಾನಿಕ್ ಬೇಕೇ ಬೇಕು, ಮೇಲಿನ ಸ್ಪ್ರಿಂಗ್. ತಿಂಗಳಿಗೊಮ್ಮೆ ಮೋಟರ್ ಬಿಡಿಸಿ ಶಟರ್ ಅನ್ನು ಸೊಂಟದ ಮಟ್ಟಕ್ಕೆ ಎತ್ತಿ ನೋಡುತ್ತೇನೆ. ಅಲ್ಲೇ ನಿಂತರೆ ಸ್ಪ್ರಿಂಗ್ ಸರಿ ಇದೆ. 2024ರ ಮಳೆಗಾಲದಲ್ಲಿ ಅದು ಕೈಯಲ್ಲಿ ಭಾರ ಅನ್ನಿಸಿತು, ಬಿಟ್ಟರೆ ಕೆಳಗೆ ಜಾರುತ್ತಿತ್ತು, ಮೋಟರ್ ನರಳುತ್ತಿತ್ತು. ಪೇಂಟರ್ ಅಣ್ಣಾರು ಪ್ರೀತಿಯಿಂದಲೇ "ನಾಕ ಬೋಲ್ಟ್ ಅಷ್ಟರೀ, ನಾ ಬಿಚ್ಚತೀನಿ" ಅಂದರು. ಬೇಡವೇ ಬೇಡ ಅಂದೆ. ಸುತ್ತಿ ಬಿಗಿದ ಸ್ಪ್ರಿಂಗ್ ಅದು, ಬೋಲ್ಟ್ ಬಿಚ್ಚಿದ ಕೂಡಲೇ ಪೈಪ್ ಗಿರ್ರನೆ ತಿರುಗಿ ಕೈ ಮುರಿಯಬಹುದು. ಶಟರ್ ಕಂಪನಿಯ ಮೆಕ್ಯಾನಿಕ್ ಬಂದು, ಬಿಗಿ ಇಳಿಸಿ, ಎರಡು ಸ್ಪ್ರಿಂಗ್ ಬದಲಿಸಿದರು. 4,200 ರೂಪಾಯಿ. ಅದು ಸವೆಯುವ ವಸ್ತು, ದೂರಿಲ್ಲ.

2021ರ ಬಣ್ಣ ಈಗಲೂ ಇದೆ. ಹೊಳಪು ಸ್ವಲ್ಪ ಕಡಿಮೆಯಾಗಿದೆ, ಎಲ್ಲೂ ಎದ್ದಿಲ್ಲ. ಬ್ರಷ್ ಸಿಕ್ಕಿ ಗೀಚಿದ ಜಾಗಕ್ಕೆ ಮಾತ್ರ 2023ರಲ್ಲಿ ಒಮ್ಮೆ ಟಚಪ್ ಮಾಡಿದೆ. ಮತ್ತೆ ಶಟರ್ ಕೊಳ್ಳುವುದಾದರೆ ಇದನ್ನೇ ಕೊಳ್ಳುತ್ತೇನೆ. ಆದರೆ ಬಣ್ಣ ಹಚ್ಚದ ಜಿಐ ಅಲ್ಲ, ಕಾರ್ಖಾನೆಯಲ್ಲೇ ಪೌಡರ್ ಕೋಟಿಂಗ್ ಮಾಡಿದ್ದು. ಕೆಳಗಿನ ಆಂಗಲ್ ಕೂಡ ಜಿಐದೇ ಹಾಕಿ ಅಂತ ಜಗಳ ಮಾಡುತ್ತೇನೆ. ನೀರು ನಿಲ್ಲುವುದು ಅಲ್ಲೇ, ಅಲ್ಲೇ ಸಾದಾ ಕಬ್ಬಿಣ ಹಾಕುತ್ತಾರೆ, ಇದ್ಯಾವ ಲೆಕ್ಕವೋ.

ಬಲಗಡೆ ಗೈಡ್‌ನ ಬುಡದಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ ಒಂದು ಈ ಸಲ ಕಾಣಿಸಿದೆ. ಚೌತಿ ಮುಗಿಯಲಿ, ಮಳೆ ನಿಲ್ಲಲಿ, ಆಮೇಲೆ ಅಣ್ಣಾರಿಗೆ ಫೋನ್ ಮಾಡಬೇಕು.